ನಾಡದೋಣಿ ಎಲ್ಲಿ ನಿಲ್ಲಿಸುವುದು, ಹೇಗೆ ಇಳಿಸುವುದು: ಕರಾವಳಿಯ ಸಣ್ಣ ದೋಣಿಗಳವರಿಗೆ ಒಂದು ಕೈಪಿಡಿ

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಬೆಳಗ್ಗೆ ಹೊಳೆಬದಿಗೆ ಹೋದಾಗ ತೆಂಗಿನ ಮರದ ಬುಡದಲ್ಲಿ ಒಂದೂವರೆ ಮೊಳ ಹಗ್ಗ ಮಾತ್ರ ಉಳಿದಿತ್ತು. ಅದರ ತುದಿ ಕತ್ತಿಯಿಂದ ಕಡಿದ ಹಾಗಿರಲಿಲ್ಲ. ಎಳೆ ಎಳೆಯಾಗಿ ಬಿಚ್ಚಿ, ಸವೆದ ಹಿಡಿಸೂಡಿಯಂತೆ ಕೆದರಿಕೊಂಡಿತ್ತು. ರಾತ್ರಿಯಿಡೀ ದಂಡೆಯ ಮುರಕಲ್ಲಿನ ಅಂಚಿಗೆ ತಿಕ್ಕಿ ತಿಕ್ಕಿ ಹರಿದ ಹಗ್ಗ ಅದು. ದೋಣಿ ಸಿಕ್ಕಿದ್ದು ಎರಡು ಕಿಲೋಮೀಟರ್ ಕೆಳಗೆ, ಸೇತುವೆಯ ಕಂಬಕ್ಕೆ ಅಡ್ಡಲಾಗಿ, ಒಂದು ಮಗ್ಗುಲು ಒಡೆದು. ಆ ವರ್ಷದ ಮಳೆಗಾಲದ ಮೀನುಗಾರಿಕೆ ನಮ್ಮ ಮನೆಯ ಮಟ್ಟಿಗೆ ಅಲ್ಲಿಗೇ ಮುಗಿಯಿತು.

ಅಂದಿನಿಂದ ನಾನು ಗಮನಿಸುತ್ತ ಬಂದ ಸಂಗತಿ ಒಂದಿದೆ. ನಮ್ಮ ಕೇರಿಯಲ್ಲಿ ನಾನು ಕಂಡ ದೋಣಿ ಹಾನಿಗಳಲ್ಲಿ ಹೆಚ್ಚಿನವು ಆಳದಲ್ಲಿ ಆದವಲ್ಲ. ಕಟ್ಟಿದಲ್ಲಿ ಆದವು, ಇಳಿಸುವಾಗ ಆದವು, ದಡಕ್ಕೆ ಮರಳುವಾಗ ಆದವು. ಹೊಯ್ಗೆಯಿಂದ (ದಡದ ಮರಳಿನಿಂದ) ಆಳದ ನೀರಿನವರೆಗಿನ ನೂರಿನ್ನೂರು ಮೀಟರ್ ದಾಟುವುದೇ ಸಣ್ಣ ದೋಣಿಯವರ ದೊಡ್ಡ ಕೆಲಸ. ಆದರೂ ಹೊಸದಾಗಿ ದೋಣಿ ಮಾಡುವವರು ಎಂಜಿನ್ ಎಷ್ಟು ಅಶ್ವಶಕ್ತಿಯದು, ಬಲೆ ಎಷ್ಟು ಮಾರು ಎಂದು ಕೇಳುತ್ತಾರೆಯೇ ಹೊರತು ದೋಣಿ ಎಲ್ಲಿ ನಿಲ್ಲಬೇಕು ಎಂದು ಕೇಳುವುದಿಲ್ಲ. ದೋಣಿಗೆ ಮುಂಗಡ ಕೊಡುವ ಮೊದಲೇ ಅದು ನಿಲ್ಲುವ ಜಾಗವನ್ನೂ ಇಳಿಯುವ ದಾರಿಯನ್ನೂ ಒಟ್ಟಿಗೆ ಗೊತ್ತುಮಾಡಿಕೊಳ್ಳಿ. ಈ ಬರಹದ ಉಳಿದ ಮಾತೆಲ್ಲ ಅದರ ವಿವರ.

ನಮ್ಮಲ್ಲಿ ಇದು ಇನ್ನಷ್ಟು ಕಠಿಣವಾಗಿರುವುದಕ್ಕೆ ಕಾರಣವಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಎಂಜಿನ್ ಇಲ್ಲದ ಸಾಂಪ್ರದಾಯಿಕ ದೋಣಿಗಳಿಗೂ, ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೂ ಅದರಿಂದ ವಿನಾಯಿತಿ ಇದೆ. ಅಂದರೆ ಟ್ರಾಲರುಗಳೆಲ್ಲ ಬಂದರಿನಲ್ಲಿ ವಿಶ್ರಾಂತಿ ಪಡೆಯುವ, ಕಡಲು ಅತಿ ಒರಟಾಗಿರುವ ಎರಡು ತಿಂಗಳೇ ನಾಡದೋಣಿಗಳ ದುಡಿಮೆಯ ಕಾಲ. ದೊಡ್ಡ ದೋಣಿಗೆ ಬಂದರಿನ ಆಸರೆ ಇದೆ. ಸಣ್ಣ ದೋಣಿ ಅತಿ ದೊಡ್ಡ ತೆರೆಗೆ ಎದುರಾಗಿ, ಅತಿ ಕಿರಿದಾದ ದಡದಿಂದ ಇಳಿಯಬೇಕು.

ಹಂತ 1: ಜಾಗ ನೋಡುವುದು

ಸಣ್ಣ ದೋಣಿಗೆ ಮೂರು ಬಗೆಯ ಜಾಗಗಳಿವೆ: ತೆರೆದ ಕಡಲತೀರ, ಅಳಿವೆಯ (ಹೊಳೆ ಕಡಲು ಸೇರುವ ಬಾಯಿಯ) ಒಳಗಿನ ಹೊಳೆದಂಡೆ, ಬಂದರಿನ ಧಕ್ಕೆ (ದೋಣಿ ಕಟ್ಟುವ ಕಟ್ಟೆ). ಕಾರವಾರದ ಬೈತಖೋಲದಂತೆ ಗುಡ್ಡದ ಮರೆ ಇರುವ ಕೊಲ್ಲಿ ಸಿಕ್ಕರೆ ಅದೃಷ್ಟ. ಮರವಂತೆಯಂತೆ ಬ್ರೇಕ್‌ವಾಟರ್ (ತೆರೆ ತಡೆಯುವ ಗೋಡೆ) ಕಟ್ಟಿದ ಹೊರಬಂದರು ಹತ್ತಿರವಿದ್ದರೂ ಅನುಕೂಲ. ಉಳಿದವರು ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಜಾಗವನ್ನು ಒಮ್ಮೆ ನೋಡಿ ತೀರ್ಮಾನಿಸಬೇಡಿ. ಫೆಬ್ರುವರಿಯಲ್ಲಿ ಕಂಡ ತೀರ ಜುಲೈಯಲ್ಲಿ ಇರುವುದಿಲ್ಲ. ಮಳೆಗಾಲದ ತೆರೆಗಳು ದಡದ ಹೊಯ್ಗೆಯನ್ನು ಎಳೆದೊಯ್ದು ಸ್ವಲ್ಪ ಹೊರಗೆ ದಿಬ್ಬವಾಗಿ ಹಾಕುತ್ತವೆ. ಸೆಪ್ಟೆಂಬರ್ ನಂತರ ಅದೇ ಹೊಯ್ಗೆ ಮೆಲ್ಲಗೆ ದಡಕ್ಕೆ ಮರಳುತ್ತದೆ. ಬೇಸಿಗೆಯಲ್ಲಿ ನಲವತ್ತು ಹೆಜ್ಜೆ ಅಗಲವಿದ್ದ ದಂಡೆ ಮಳೆಗಾಲದಲ್ಲಿ ಹತ್ತು ಹೆಜ್ಜೆಗೆ ಇಳಿದದ್ದನ್ನು ನಾನೇ ಅಳೆದು ನೋಡಿದ್ದೇನೆ. ಆದ್ದರಿಂದ ಊರಿನ ಹಿರಿಯರ ಬಳಿ ಒಂದೇ ಪ್ರಶ್ನೆ ಕೇಳಿ: "ಕಳೆದ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?" ಅವರು ಕೈ ತೋರಿಸಿದ ಜಾಗಕ್ಕಿಂತ ಹತ್ತು ಹೆಜ್ಜೆ ಮೇಲೆ ನಿಮ್ಮ ದೋಣಿ ಇರಬೇಕು.

ಹೇಳುವವರು ಯಾರೂ ಸಿಗದಿದ್ದರೆ ನೆಲವನ್ನೇ ನೋಡಿ. ಒಣಗಿದ ಪಾಚಿ, ಚಿಪ್ಪು, ಥರ್ಮಾಕೋಲ್ ಚೂರುಗಳ ಗೆರೆ ಮೊನ್ನೆ ಮೊನ್ನೆಯ ಭರತದ ಗುರುತು ಮಾತ್ರ, ಅದನ್ನು ನಂಬಬೇಡಿ. ಇನ್ನೂ ಮೇಲೆ ಹೊಯ್ಗೆಯ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿ ಇರುತ್ತದೆ. ಅದರ ಬುಡವನ್ನು ಸ್ವಲ್ಪ ಕೆದಕಿ ನೋಡಿ. ಬೇರು ಬೆರಳಿನಷ್ಟು ದಪ್ಪವಾಗಿ, ಮರದಂತೆ ಗಟ್ಟಿಯಾಗಿದ್ದರೆ ಅಲ್ಲಿಗೆ ತೆರೆ ಬಂದು ವರ್ಷಗಳಾಗಿವೆ. ಬಳ್ಳಿ ಎಳೆಯದಾಗಿ ಹಸಿರು ಹಸಿರಾಗಿದ್ದರೆ ಕಳೆದ ಮಳೆಗಾಲ ಆ ಜಾಗವನ್ನು ತೊಳೆದಿದೆ ಎಂದರ್ಥ.

ಎರಡನೆಯದಾಗಿ ದಾರಿ ನೋಡಿ. ನಿಲ್ಲಿಸುವ ಜಾಗದಿಂದ ನೀರಿನವರೆಗೆ ನೇರವಾದ, ಕಲ್ಲಿಲ್ಲದ ದಾರಿ ಬೇಕು. ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ತಡೆಗೋಡೆ ಇರುವ ಊರುಗಳಲ್ಲಿ ದೊಡ್ಡ ತೊಡಕು ಇದೇ. ಗೋಡೆ ಮನೆಗಳನ್ನು ಕಾಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆರಪು ಬಿಡದೆ ಕಟ್ಟಿದ ಗೋಡೆ ದೋಣಿಯನ್ನು ಊರಿನಿಂದ ಹೊರಗಿಡುತ್ತದೆ. ಕಡಲು ಎದುರಿಗೇ ಇದ್ದರೂ ದೋಣಿ ಇಳಿಸಲು ಎರಡು ಮೂರು ಕಿಲೋಮೀಟರ್ ನಡೆಯುವ ಮನೆಗಳು ನಮ್ಮಲ್ಲಿವೆ. ಇದಕ್ಕೆ ಏನು ಮಾಡಬಹುದು ಎಂಬುದನ್ನು ಕೊನೆಯ ಹಂತದಲ್ಲಿ ಹೇಳುತ್ತೇನೆ.

ಈಗೀಗ ಇನ್ನೊಂದು ತೊಡಕು ಸೇರಿಕೊಂಡಿದೆ. ಶನಿವಾರ, ಭಾನುವಾರ ಪ್ರವಾಸಿಗರ ಕಾರುಗಳು ದೋಣಿ ಎಳೆಯುವ ದಾರಿಯಲ್ಲೇ ನಿಲ್ಲುತ್ತವೆ. ಅವರಿಗೆ ಅದು ಖಾಲಿ ಹೊಯ್ಗೆಯಾಗಿ ಕಾಣುತ್ತದೆ. ಬೈದು ಪ್ರಯೋಜನವಿಲ್ಲ. ದಾರಿಯ ಎರಡು ಬದಿಗೆ ಗಾಳಿಮರದ ಗೂಟ ಹುಗಿದು, ತುಂಡು ಬಲೆ ಕಟ್ಟಿ, "ದೋಣಿ ಇಳಿಸುವ ದಾರಿ, ವಾಹನ ನಿಲ್ಲಿಸಬೇಡಿ" ಎಂದು ಹಲಗೆ ಹಾಕಿ. ನಮ್ಮಲ್ಲಿ ಹೀಗೆ ಮಾಡಿದ ಮೇಲೆ ಜಗಳ ಬಹುಮಟ್ಟಿಗೆ ನಿಂತಿದೆ.

ಹಂತ 2: ಹೊಯ್ಗೆಯ ಮೇಲೆ ನಿಲ್ಲಿಸುವುದು

ದೋಣಿಯ ಮೂತಿ ಕಡಲಿನ ಕಡೆಗಿರಲಿ. ಅಡ್ಡಲಾಗಿ ನಿಲ್ಲಿಸಿದ ದೋಣಿಗೆ ತೆರೆ ತಾಗಿದರೆ ಅದು ಉರುಳುತ್ತದೆ. ತಳದ ಕೆಳಗೆ ತೆಂಗಿನ ಕಾಂಡದ ಅಥವಾ ಗಾಳಿಮರದ ತುಂಡುಗಳನ್ನು ಮೂರು ನಾಲ್ಕು ಕಡೆ ಕೊಡಿ. ಎರಡೇ ತುಂಡಿನ ಮೇಲೆ ನಿಂತ ಫೈಬರ್ ದೋಣಿಯ ಭಾರವೆಲ್ಲ ಆ ಎರಡು ಕಡೆಗೇ ಬಿದ್ದು, ಹೊರಗಿನಿಂದ ಕಾಣದ ಕೂದಲೆಳೆಯ ಬಿರುಕು ಮೂಡುತ್ತದೆ. ಅದು ಗೊತ್ತಾಗುವುದು ನೀರಿಗಿಳಿದ ಮೇಲೆ.

ತಳದಲ್ಲಿ ನೀರು ಹೊರಹೋಗುವ ತೂತಿನ ಬಿರಡೆಯನ್ನು ತೆಗೆದಿಡಿ. ಅದನ್ನು ಜೇಬಿಗೆ ಹಾಕಿಕೊಳ್ಳಬೇಡಿ, ಮನೆಗೆ ಒಯ್ಯಬೇಡಿ. ಒಂದು ಗೇಣು ದಾರದಲ್ಲಿ ಆ ತೂತಿನ ಬಳಿಯೇ ಕಟ್ಟಿಬಿಡಿ. ಬಿರಡೆ ಹಾಕದೆ ಇಳಿಸಿದ ದೋಣಿ ತೆರೆ ದಾಟುವ ಹೊತ್ತಿಗೆ ಅರ್ಧ ತುಂಬಿರುತ್ತದೆ. ನಸುಕಿನ ಗಡಿಬಿಡಿಯಲ್ಲಿ ಎಂಥ ಅನುಭವಿಗೂ ಈ ತಪ್ಪು ಆಗುತ್ತದೆ.

ಮೇಲೆ ಟಾರ್ಪಾಲು ಹೊದಿಸುವಾಗ ನಡುವೆ ಉದ್ದಕ್ಕೆ ಒಂದು ಗಳ ಕೊಟ್ಟು ಮನೆಯ ಮಾಡಿನಂತೆ ಇಳಿಜಾರು ಮಾಡಿ. ಸಡಿಲ ಟಾರ್ಪಾಲಿನಲ್ಲಿ ನಿಂತ ಮಳೆನೀರು ಒಂದು ರಾತ್ರಿಯಲ್ಲಿ ಅಂಚನ್ನೇ ಬಗ್ಗಿಸಬಲ್ಲದು. ದೋಣಿಯೊಳಗೆ ನೀರು ನಿಂತರೆ ಅದರಲ್ಲಿ ಸೊಳ್ಳೆ ಮರಿ ಮಾಡುತ್ತದೆ. ಊರಿನ ಮಕ್ಕಳಿಗೆ ಡೆಂಗಿ ಬಾರದಿರಲೆಂದಾದರೂ ವಾರಕ್ಕೊಮ್ಮೆ ಇಣುಕಿ ನೋಡಿ. ಸಣ್ಣ ಪಾತಿ ದೋಣಿಯಾದರೆ ಕವುಚಿ ಹಾಕುವುದೇ ಲೇಸು. ಮರದ ದೋಣಿಗೆ ಮೀನೆಣ್ಣೆ ಅಥವಾ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಹಳೆಯ ಪದ್ಧತಿ ಈಗಲೂ ಕೆಲಸಕ್ಕೆ ಬರುತ್ತದೆ.

ದೋಣಿಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಬೇಡಿ. ಜಾಗ ಇಲ್ಲದಲ್ಲಿ ಇದು ಕಷ್ಟ ಎಂಬುದು ಗೊತ್ತು. ಆದರೆ 2023ರ ನವೆಂಬರಿನಲ್ಲಿ ದೀಪಾವಳಿಯ ಹೊತ್ತಿಗೆ ಗಂಗೊಳ್ಳಿಯಲ್ಲಿ ದಡದ ಬಳಿ ಒತ್ತೊತ್ತಾಗಿ ನಿಂತಿದ್ದ ಹಲವು ದೋಣಿಗಳು ಬೆಂಕಿಗೆ ಆಹುತಿಯಾದವು. ಫೈಬರ್, ನೈಲಾನ್ ಬಲೆ, ಟಾರ್ಪಾಲು, ಸೀಮೆಎಣ್ಣೆ ಒಂದೇ ಕಡೆ ಸೇರಿದರೆ ಒಂದು ಕಿಡಿ ಸಾಕು. ಎಂಜಿನ್ ಮತ್ತು ಇಂಧನದ ಕ್ಯಾನುಗಳನ್ನು ದೋಣಿಯಲ್ಲಿ ಬಿಡದೆ ಬೇರೆ ಕಡೆ ಇಡಿ. ನಾಲ್ಕು ದೋಣಿಗೊಮ್ಮೆ ಮನುಷ್ಯ ಓಡಾಡುವಷ್ಟಾದರೂ ಅಂತರವಿರಲಿ.

ಗಾಳಿಯಿಲ್ಲದ ದಿನವೂ ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಆಕಾಶ ತಿಳಿಯಾಗಿದ್ದು, ಎಲೆ ಅಲುಗದ ಮಧ್ಯಾಹ್ನ ಕಡಲು ಇದ್ದಕ್ಕಿದ್ದಂತೆ ಉಕ್ಕಿ ದಂಡೆ ಹತ್ತುವುದುಂಟು. ಕೇರಳದವರು ಇದಕ್ಕೆ ಕಳ್ಳಕಡಲು ಎನ್ನುತ್ತಾರೆ. ದಕ್ಷಿಣದ ಮಹಾಸಾಗರದಲ್ಲಿ ಸಾವಿರಾರು ಕಿಲೋಮೀಟರ್ ಆಚೆ ಎದ್ದ ತೆರೆಗಳು ದಿನಗಟ್ಟಲೆ ಸಾಗಿ ಇಲ್ಲಿಗೆ ಮುಟ್ಟುವುದರಿಂದ ಹೀಗಾಗುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತದೆ. ಎತ್ತರದ ಅಲೆಗಳ ಎಚ್ಚರಿಕೆ ಎಂಬ ಸಂದೇಶ ಬಂದರೆ "ಗಾಳಿಯೇ ಇಲ್ಲವಲ್ಲ" ಎಂದು ತಳ್ಳಿಹಾಕದೆ ದೋಣಿಯನ್ನು ಮೇಲಕ್ಕೆಳೆಯಿರಿ.

ಹಂತ 3: ಹೊಳೆಯಲ್ಲಿ ಕಟ್ಟುವುದು

ನಾನು ಪೆಟ್ಟು ತಿಂದು ಕಲಿತದ್ದು ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೊಳೆ ಕಡಲಿಗಿಂತ ಸೌಮ್ಯ ಎಂದು ತೋರುತ್ತದೆ. ಬೇಸಿಗೆಯಲ್ಲಿ ಅದು ನಿಜವೂ ಹೌದು. ಮಳೆಗಾಲದಲ್ಲಿ ಘಟ್ಟದ ನೀರು ಕೆಂಪಗೆ ಇಳಿದು ಬರುವಾಗ ಲೆಕ್ಕ ಬೇರೆ. ಬುಡಮೇಲಾದ ಮರ, ಬಾಳೆ, ಬಿದಿರಿನ ಮೆಳೆ ತೇಲಿಬಂದು ದೋಣಿಯ ಮೂತಿಗೆ ಸಿಕ್ಕಿಕೊಳ್ಳುತ್ತವೆ. ಆಗ ಹಗ್ಗ ದೋಣಿಯನ್ನಷ್ಟೇ ಅಲ್ಲ, ಆ ಕಸದ ರಾಶಿಯನ್ನೂ ಹಿಡಿದು ನಿಲ್ಲಬೇಕು. ಆದ್ದರಿಂದ ಹೊಳೆಯ ತಿರುವಿನ ಹೊರಮಗ್ಗುಲಲ್ಲಿ ದೋಣಿ ಕಟ್ಟಬೇಡಿ, ರಭಸವೆಲ್ಲ ಅಲ್ಲಿಗೇ ಬಡಿಯುತ್ತದೆ. ಒಳಮಗ್ಗುಲಲ್ಲಿ ನೀರು ನಿಧಾನ, ಆದರೆ ಹೂಳು ಹೆಚ್ಚು. ಇಳಿತದಲ್ಲಿ ದೋಣಿ ಕೆಸರಿನಲ್ಲಿ ಕುಳಿತರೂ ಪರವಾಗಿಲ್ಲ ಎನ್ನುವುದಾದರೆ ಒಳಮಗ್ಗುಲನ್ನೇ ಆರಿಸಿ.

ಹಗ್ಗ ಎರಡು ಬೇಕು, ಎರಡೂ ಬೇರೆ ಬೇರೆ ಕಡೆ ಕಟ್ಟಿರಬೇಕು. ಒಂದೇ ಮರಕ್ಕೆ ಎರಡು ಹಗ್ಗ ಕಟ್ಟಿದರೆ ಮರ ಬಿದ್ದಾಗ ಎರಡೂ ಹೋಗುತ್ತವೆ. ನೈಲಾನ್ ಹಗ್ಗ ಎಳೆತಕ್ಕೆ ಸ್ವಲ್ಪ ಹಿಗ್ಗಿ ಜಗ್ಗು ತಾಳಿಕೊಳ್ಳುತ್ತದೆ. ಅಗ್ಗಕ್ಕೆ ಸಿಗುವ, ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಪಕ್ಕದ ದೋಣಿಯ ಎಂಜಿನ್ನಿನ ರೆಕ್ಕೆಗೂ ಸುತ್ತಿಕೊಳ್ಳುತ್ತದೆ. ಹಗ್ಗ ಕಲ್ಲಿಗೋ ದೋಣಿಯ ಅಂಚಿಗೋ ತಾಗುವ ಕಡೆಯೆಲ್ಲ ಹಳೆಯ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿ ಬಿಗಿಯಾಗಿ ಸುತ್ತಿ. ಈ ಒಂದು ಅಡಿ ಪೈಪು ಅಂದು ನಮ್ಮ ಹಗ್ಗಕ್ಕೆ ಇದ್ದಿದ್ದರೆ ದೋಣಿ ಉಳಿಯುತ್ತಿತ್ತು.

ಹಗ್ಗದ ಉದ್ದವೂ ಮುಖ್ಯ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ನೀರು ನಾಲ್ಕರಿಂದ ಆರು ಅಡಿ ಏರಿಳಿಯುತ್ತದೆ. ಮಂಗಳೂರಿನಿಂದ ಕಾರವಾರದತ್ತ ಹೋದಂತೆ ಈ ಏರಿಳಿತ ಹೆಚ್ಚು. ಭರತದ ಹೊತ್ತಿನಲ್ಲಿ ಬಿಗಿಯಾಗಿ ಕಟ್ಟಿದ ದೋಣಿ ಇಳಿತದಲ್ಲಿ ಹಗ್ಗಕ್ಕೆ ಜೋತುಬಿದ್ದು ಮಗುಚುತ್ತದೆ. ಇಳಿತದಲ್ಲಿ ಗಿಡ್ಡವಾಗಿ ಕಟ್ಟಿದ ದೋಣಿಯ ಮೂತಿಯನ್ನು ಭರತ ಬಂದಾಗ ಹಗ್ಗ ಕೆಳಕ್ಕೆ ಹಿಡಿದು ನೀರು ತುಂಬಿಸುತ್ತದೆ. ಲಂಗರು ಬಿಡುವುದಾದರೆ ಅಲ್ಲಿನ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡಿ. ಆಳವನ್ನು ಭರತದ ಹೊತ್ತಿಗೆ ಅಳೆಯಿರಿ.

ಮಳೆ ಸುರಿಯುವ ರಾತ್ರಿ ಹೊಳೆಯಲ್ಲಿ ನಿಂತ ದೋಣಿಗೆ ಹೊಳೆಗಿಂತ ಮಳೆಯೇ ಅಪಾಯ. ಆಷಾಢದ ಒಂದು ಒಳ್ಳೆಯ ಮಳೆಗೆ ತೆರೆದ ದೋಣಿ ತುಂಬಿ ತಳ ಸೇರುತ್ತದೆ. ನೀರು ಮೊಗೆಯಲು ಯಾರು ಹೋಗುತ್ತಾರೆ ಎಂಬುದನ್ನು ಪಾಲುದಾರರಲ್ಲಿ ಸರದಿ ಹಾಕಿ ಗೊತ್ತುಮಾಡಿ. ಸರದಿ ಇಲ್ಲದಿದ್ದರೆ ಪ್ರತಿಯೊಬ್ಬರೂ ಇನ್ನೊಬ್ಬರು ಹೋಗಿದ್ದಾರೆಂದು ಮಲಗಿರುತ್ತಾರೆ.

ಹಂತ 4: ಬಂದರಿನಲ್ಲಿ ಮೂಲೆ ಹಿಡಿಯುವುದು

ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಹಳೆಯ ಧಕ್ಕೆ, ತದಡಿ, ಎಲ್ಲೇ ಆಗಲಿ ಜಾಗ ಟ್ರಾಲರು, ಪರ್ಸಿನ್ (ದೊಡ್ಡ ಸುತ್ತುಬಲೆಯ ದೋಣಿ)ಗಳಿಗೇ ಸಾಲದು. ಅವು ಮೂರು ನಾಲ್ಕು ಸಾಲಾಗಿ ನಿಲ್ಲುತ್ತವೆ. ಆ ಸಾಲಿನ ಹೊರಬದಿಗೆ ಸಣ್ಣ ದೋಣಿ ಕಟ್ಟಲೇಬೇಡಿ. ದೊಡ್ಡ ದೋಣಿ ಹಿಂದಕ್ಕೆ ಸರಿದಾಗ ನಿಮ್ಮದು ನಡುವೆ ಸಿಕ್ಕಿ ಪುಡಿಯಾಗುತ್ತದೆ. ಎರಡು ಬದಿಗೂ ಹಳೆಯ ಟಯರು ತೂಗುಬಿಡಿ. ಮೇ ತಿಂಗಳ ಕೊನೆಯ ವಾರ ಎಲ್ಲ ದೋಣಿಗಳೂ ಒಟ್ಟಿಗೆ ಒಳಬರುತ್ತವೆ, ಆ ನೂಕುನುಗ್ಗಲಿಗೆ ಮುಂಚೆಯೇ ನಿಮ್ಮದನ್ನು ಹೊರತೆಗೆದು ಮಳೆಗಾಲದ ಜಾಗಕ್ಕೆ ಒಯ್ಯಿರಿ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂದದ್ದು ನಿಷೇಧದ ಅವಧಿಗೆ ಎರಡು ವಾರ ಮೊದಲು. "ಇನ್ನೂ ದಿನ ಇದೆ" ಎಂದು ದೋಣಿ ಕೆಳಗೇ ಬಿಡುವವರು ಅದನ್ನು ನೆನಪಿಡಬೇಕು.

ಹಂತ 5: ತೆರೆದ ತೀರದಿಂದ ಇಳಿಸುವುದು

ಇಳಿಸುವ ಮೊದಲು ಕನಿಷ್ಠ ಹದಿನೈದು ನಿಮಿಷ ಕಡಲು ನೋಡುತ್ತ ನಿಲ್ಲಿ. ಮಾತು ಬೇಡ, ಮೊಬೈಲ್ ಬೇಡ. ನನ್ನ ದೊಡ್ಡಪ್ಪ ಇದಕ್ಕೆಂದೇ ಒಂದು ವೀಳ್ಯ ಹಾಕುವಷ್ಟು ಹೊತ್ತು ಹೊಯ್ಗೆಯ ಮೇಲೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ನಾನು ಅವಸರ ಮಾಡಿದರೆ, "ಮಾಣಿ, ಅದು ತನ್ನ ಲೆಕ್ಕ ಒಪ್ಪಿಸಲಿ, ತಡೆ" ಎನ್ನುತ್ತಿದ್ದರು.

ಆ ಲೆಕ್ಕ ಹೀಗಿದೆ. ತೆರೆಗಳು ಒಂದೇ ಸಮನಾಗಿ ಬರುವುದಿಲ್ಲ. ನಾಲ್ಕೈದು ದೊಡ್ಡವು ಗುಂಪಾಗಿ ಬಂದು ಒಡೆಯುತ್ತವೆ, ಆಮೇಲೆ ಸ್ವಲ್ಪ ಹೊತ್ತು ಸಣ್ಣವು ಬರುತ್ತವೆ. ಎರಡು ಗುಂಪುಗಳ ನಡುವೆ ಎಷ್ಟು ಹೊತ್ತು ಸಿಗುತ್ತದೆ ಎಂದು ಎಣಿಸಿ. ಮೂರು ಸಲ ಎಣಿಸಿದರೆ ಅಂದಿನ ಕಡಲಿನ ನಡೆ ಗೊತ್ತಾಗುತ್ತದೆ. ಆ ಬಿಡುವಿನಲ್ಲಿ ತೆರೆ ಒಡೆಯುವ ಪಟ್ಟಿಯನ್ನು ದಾಟಲು ನಿಮ್ಮ ದೋಣಿಗೆ ಆಗುತ್ತದೆಯೇ ಎಂದು ಅಂದಾಜು ಮಾಡಿ. ಆಗದು ಎನಿಸಿದರೆ ಅಂದು ಇಳಿಸಬೇಡಿ. ಬಂಗಡೆ ಬಿದ್ದಿದೆ ಎಂದು ಪಕ್ಕದ ಊರಿನಿಂದ ಎಷ್ಟೇ ಫೋನ್ ಬರಲಿ.

ಹೊತ್ತು ಆರಿಸುವುದಾದರೆ ನಸುಕು ಒಳ್ಳೆಯದು. ರಾತ್ರಿಯ ನೆಲಗಾಳಿ ದಡದಿಂದ ಕಡಲಿಗೆ ಬೀಸುತ್ತಿರುತ್ತದೆ, ತೆರೆ ಅಷ್ಟು ಕೆರಳಿರುವುದಿಲ್ಲ. ಮಧ್ಯಾಹ್ನದ ಕಡಲಗಾಳಿ ಎದ್ದಮೇಲೆ ಅದೇ ದಡ ಬೇರೆಯಾಗುತ್ತದೆ. ಮಳೆಗಾಲದಲ್ಲಿ ಈ ನೆಲಗಾಳಿಯ ಅನುಕೂಲ ಸಿಗುವುದಿಲ್ಲ, ಆಗ ಮಳೆಗಳ ನಡುವಿನ ಹೊಳವು ನೋಡಿಯೇ ಇಳಿಯಬೇಕು.

ಇಳಿಸುವ ಕ್ರಮ ಇದು. ಬಿರಡೆ ಹಾಕಿ, ಇನ್ನೊಬ್ಬರಿಂದ ಮುಟ್ಟಿಸಿ ನೋಡಿಸಿ. ಬಲೆ, ಕ್ಯಾನು, ಲಂಗರು ಎಲ್ಲವನ್ನೂ ಕಟ್ಟಿ; ಸಡಿಲವಾಗಿ ಒಂದು ಹಗ್ಗವೂ ಕಾಲಿಗೆ ಸಿಗಬಾರದು. ಭಾರವನ್ನು ಸ್ವಲ್ಪ ಹಿಂದಕ್ಕೆ ಇಟ್ಟರೆ ಮೂತಿ ತೆರೆಯನ್ನು ಏರುತ್ತದೆ. ಎಲ್ಲರೂ ಜೀವರಕ್ಷಕ ಜಾಕೆಟ್ ತೊಟ್ಟ ಮೇಲೆಯೇ ದೋಣಿಗೆ ಕೈ ಹಾಕಿ. ದೋಣಿಯೊಳಗೆ ಮಡಚಿಟ್ಟ ಜಾಕೆಟ್ ಮಗುಚಿದಾಗ ಕೈಗೆ ಸಿಗುವುದಿಲ್ಲ. ಉರುಳೆಗಳ ಮೇಲೆ ದೋಣಿಯನ್ನು ತಳ್ಳುವಾಗ ಎರಡು ಬದಿಯಲ್ಲಿ ನಿಂತು ಅಂಚು ಹಿಡಿಯಿರಿ. ದೋಣಿಗೂ ದಡಕ್ಕೂ ನಡುವೆ ಯಾರೂ ನಿಲ್ಲಬಾರದು. ಮೊಣಕಾಲು ನೀರಿನಲ್ಲಿ ತೆರೆ ದೋಣಿಯನ್ನು ಹಿಂದಕ್ಕೆ ಎಸೆದರೆ ನಡುವೆ ಇದ್ದವರ ಎದೆಯೋ ಸೊಂಟವೋ ಮುರಿಯುತ್ತದೆ. ಒಬ್ಬರ ಮಾತಿಗೆ ಮಾತ್ರ ಎಲ್ಲರೂ ತಳ್ಳಬೇಕು, ಆ ಒಬ್ಬರು ಕಡಲನ್ನೇ ನೋಡುತ್ತಿರಬೇಕು.

ಮೂತಿ ಸದಾ ತೆರೆಗೆ ನೇರವಾಗಿರಲಿ. ನೀರು ಸೊಂಟಮಟ್ಟ ಬರುವವರೆಗೆ ಹುಟ್ಟಿನಿಂದಲೋ ಜಲ್ಲೆಯಿಂದಲೋ (ಉದ್ದ ಗಳದಿಂದಲೋ) ನೂಕಿ, ಆಮೇಲೆ ಎಂಜಿನ್ ಇಳಿಸಿ. ಇದಕ್ಕೆ ಮೊದಲೇ ಚಾಲೂ ಮಾಡಿದರೆ ತಂಪುಗೊಳಿಸುವ ನೀರಿನ ಜೊತೆ ಹೊಯ್ಗೆಯೂ ಒಳಹೋಗಿ ಪಂಪಿನ ರಬ್ಬರ್ ಸವೆಯುತ್ತದೆ. ಎಂಜಿನ್ ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿದೆಯೇ ಎಂದು ಒಮ್ಮೆ ತಿರುಗಿ ನೋಡಿ. ಚುಕ್ಕಾಣಿ ಹಿಡಿದವರ ಮಣಿಕಟ್ಟಿಗೆ ಎಂಜಿನ್ ನಿಲ್ಲಿಸುವ ಸುರುಳಿ ದಾರ ಕಟ್ಟಿರಲೇಬೇಕು. ಬಿದ್ದವರ ಮೇಲೆ ತಿರುಗಿ ಬರುವ ದೋಣಿಯ ರೆಕ್ಕೆಗಿಂತ ಭಯಂಕರವಾದದ್ದು ಇನ್ನೊಂದಿಲ್ಲ. ಎದುರಿಗೆ ತೆರೆ ಒಡೆಯುವಂತಿದ್ದರೆ ವೇಗ ತಗ್ಗಿಸಿ ಏರಿ, ಅದರ ಬೆನ್ನು ದಾಟಿದ ಕೂಡಲೇ ವೇಗ ಹೆಚ್ಚಿಸಿ. ಪೂರ್ತಿ ವೇಗದಲ್ಲಿ ಏರಿದ ದೋಣಿ ಗಾಳಿಯಲ್ಲಿ ಹಾರಿ ಕೆಳಗೆ ಅಪ್ಪಳಿಸುತ್ತದೆ.

ಹಂತ 6: ಅಳಿವೆ ದಾಟುವುದು

ಹೊಳೆಯೊಳಗೆ ದೋಣಿ ಕಟ್ಟಿದವರಿಗೆ ಅಳಿವೆಯ ಬಾಗಿಲೇ ಪರೀಕ್ಷೆ. ಸಸಿಹಿತ್ಲಿನಲ್ಲಿ ಶಾಂಭವಿ ಮತ್ತು ನಂದಿನಿ, ಕೋಡಿಬೆಂಗ್ರೆಯಲ್ಲಿ ಸೀತಾ ಮತ್ತು ಸುವರ್ಣಾ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ. ಎಲ್ಲ ಬಾಗಿಲಲ್ಲೂ ಹೊಳೆ ತಂದ ಹೂಳು ಮತ್ತು ಕಡಲು ತಳ್ಳಿದ ಹೊಯ್ಗೆ ಸೇರಿ ದಿಬ್ಬ ಕಟ್ಟುತ್ತವೆ. ದಿಬ್ಬ ಒಂದೇ ಕಡೆ ನಿಲ್ಲುವುದೂ ಇಲ್ಲ. ಕಳೆದ ವರ್ಷ ಆಳವಿದ್ದ ಕಾಲುವೆ ಈ ವರ್ಷ ಮೊಣಕಾಲು ನೀರಾಗಿರಬಹುದು. ಮಳೆಗಾಲದ ನಂತರ ಮೊದಲ ಸಲ ಹೋಗುವಾಗ ಭರತದಲ್ಲಿ, ಹಗಲು ಹೊತ್ತಿನಲ್ಲಿ, ಜಲ್ಲೆಯಿಂದ ಆಳ ಅಳೆಯುತ್ತ ಹೋಗಿ. ದಡದ ಎರಡು ಗುರುತುಗಳನ್ನು ಒಂದೇ ಗೆರೆಗೆ ತಂದು ದಾರಿ ನೆನಪಿಡಿ: ಮುಂದೆ ಒಂದು ತೆಂಗು, ಅದರ ಹಿಂದೆ ಮಸೀದಿಯ ಮಿನಾರೋ ದೇವಸ್ಥಾನದ ಗೋಪುರವೋ. ಎರಡೂ ಒಂದರ ಹಿಂದೊಂದು ಬಂದರೆ ನೀವು ಕಾಲುವೆಯಲ್ಲಿದ್ದೀರಿ.

ಯಾವ ಹೊತ್ತಿಗೆ ದಾಟಬಾರದು ಎಂಬುದನ್ನು ಮೊದಲು ಕಲಿಯಿರಿ. ಇಳಿತದ ನೀರು ರಭಸವಾಗಿ ಹೊರಗೆ ಓಡುತ್ತಿರುವಾಗ ಎದುರಿನಿಂದ ಕಡಲ ತೆರೆ ಬಂದರೆ ಅದು ಕಡಿದಾಗಿ, ಗಿಡ್ಡವಾಗಿ, ಗೋಡೆಯಂತೆ ಏಳುತ್ತದೆ. ಮಳೆಗಾಲದಲ್ಲಿ ಹೊಳೆಯ ನೆರೆಯೂ ಇಳಿತಕ್ಕೆ ಸೇರಿಕೊಳ್ಳುವುದರಿಂದ ಇದು ಇಮ್ಮಡಿ. ಭರತ ಪೂರ್ತಿಯಾಗುವುದಕ್ಕೆ ಒಂದು ಗಂಟೆ ಮುಂಚಿನಿಂದ ನೀರು ನಿಲ್ಲುವವರೆಗಿನ ಹೊತ್ತು ದಾಟಲು ಅತ್ಯುತ್ತಮ: ದಿಬ್ಬದ ಮೇಲೆ ಆಳವೂ ಹೆಚ್ಚು, ಸೆಳೆತವೂ ಕಡಿಮೆ. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಇಂದಿನದನ್ನು ಗುರುತು ಹಾಕಿಕೊಂಡರೆ ನಾಳೆಯದು ತಾನಾಗಿ ಸಿಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ, ಸೆಳೆತವೂ ಕಡಿಮೆ. ಹೊಸಬರು ಅಭ್ಯಾಸ ಮಾಡಬೇಕಾದದ್ದು ಆ ದಿನಗಳಲ್ಲಿ.

ಹೊರಗೆ ಹೋಗುವಾಗಲೇ ಮರಳುವ ಹೊತ್ತನ್ನೂ ಲೆಕ್ಕ ಹಾಕಿ. ಭರತದಲ್ಲಿ ಹೋದವರು ಆರು ಗಂಟೆ ಬಿಟ್ಟು ಬಂದರೆ ಇಳಿತಕ್ಕೇ ಸಿಗುತ್ತಾರೆ. ಆಗ ಅಳಿವೆಯ ಹೊರಗೆ, ತೆರೆ ಒಡೆಯದ ಆಳದಲ್ಲಿ ಲಂಗರು ಬಿಟ್ಟು ನೀರು ಏರುವವರೆಗೆ ಕಾಯಬೇಕು. ಮೀನು ಸ್ವಲ್ಪ ಕೆಡಬಹುದು. ಅದಕ್ಕೆಂದೇ ಒಂದು ಪೆಟ್ಟಿಗೆ ಮಂಜುಗಡ್ಡೆ ಜೊತೆಗಿರಲಿ.

ಹಂತ 7: ಮರಳಿ ದಡ ಸೇರುವುದು

ಇಳಿಸುವಾಗ ಇದ್ದ ಎಚ್ಚರ ಮರಳುವಾಗ ಇರುವುದಿಲ್ಲ. ಮೈ ದಣಿದಿರುತ್ತದೆ, ದೋಣಿ ಭಾರವಾಗಿರುತ್ತದೆ, ದಡದಲ್ಲಿ ಮೀನಿನ ವ್ಯಾಪಾರಿ ಕಾಯುತ್ತಿರುತ್ತಾರೆ. ತೆರೆಯ ಪಟ್ಟಿಯ ಹೊರಗೆ ನಿಂತು ಮತ್ತೆ ಎಣಿಸಿ. ದೊಡ್ಡ ಗುಂಪು ದಾಟಿದ ಮೇಲೆ ಕೊನೆಯ ತೆರೆಯ ಬೆನ್ನ ಹಿಂದೆಯೇ ಬನ್ನಿ. ಅದನ್ನು ಹಿಂದಿಕ್ಕಬೇಡಿ, ಹಿಂದಿನ ತೆರೆ ನಿಮ್ಮನ್ನು ಹಿಡಿಯಲೂ ಬಿಡಬೇಡಿ. ತೆರೆಯ ಮುಖದ ಮೇಲೆ ಜಾರಿದ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಜೊತೆಯಲ್ಲಿ ಇಬ್ಬರಿದ್ದರೆ ಒಬ್ಬರು ಹಿಂದೆ ಹುಟ್ಟು ಹಿಡಿದು ದೋಣಿ ನೇರವಾಗಿರುವಂತೆ ನೋಡಿಕೊಳ್ಳಲಿ. ಹೊಯ್ಗೆ ತಾಗುವ ಮುಂಚೆ ಎಂಜಿನ್ ಎತ್ತಿ. ಹಾರಿದವರು ಬದಿಗೆ ಹಾರಲಿ, ಮುಂದಕ್ಕೆ ಬೇಡ.

ದೋಣಿ ಮೇಲೆ ಬಂದ ಮೇಲೆ ಎಂಜಿನ್ನಿಗೆ ಸಿಹಿನೀರು ಹಾಯಿಸಿ. ಹತ್ತು ನಿಮಿಷದ ಕೆಲಸ.

ಹಂತ 8: ಕಾಗದ ಮತ್ತು ಊರಿನ ಒಗ್ಗಟ್ಟು

ದೋಣಿಯ ನೋಂದಣಿ ಮತ್ತು ಮೀನುಗಾರಿಕೆ ಪರವಾನಗಿ ಮೀನುಗಾರಿಕೆ ಇಲಾಖೆಯಿಂದ ಆಗಬೇಕು. ನೋಂದಣಿ ಸಂಖ್ಯೆಯನ್ನು ದೋಣಿಯ ಎರಡೂ ಬದಿಗೆ ದೊಡ್ಡದಾಗಿ ಬರೆಸಿ. ಹಗ್ಗ ಹರಿದು ತೇಲಿಹೋದ ದೋಣಿ ಯಾರದ್ದು ಎಂದು ತಿಳಿಯುವುದು ಆ ಸಂಖ್ಯೆಯಿಂದ. ದೋಣಿ ನಿಂತಿರುವ ಜಾಗದ, ಕಟ್ಟಿದ ರೀತಿಯ, ಎಂಜಿನ್ ಸಂಖ್ಯೆಯ ಫೋಟೊಗಳನ್ನು ಪ್ರತಿ ವರ್ಷ ಮೇ ಕೊನೆಯಲ್ಲಿ ತೆಗೆದಿಡಿ. ಹಾನಿಯಾದರೆ ದೋಣಿಯನ್ನು ಅಲ್ಲಿಂದ ಎತ್ತುವ ಮೊದಲು ಮತ್ತೆ ಫೋಟೊ ತೆಗೆದು, ಇಲಾಖೆಗೂ ಕರಾವಳಿ ಕಾವಲು ಪೊಲೀಸರಿಗೂ ಅದೇ ದಿನ ಬರಹದಲ್ಲಿ ತಿಳಿಸಿ, ಸ್ಥಳ ಮಹಜರು ಆಗುವಂತೆ ಕೇಳಿ. ನಾವು ಅಂದು ದೋಣಿ ಎಳೆದು ತಂದು, ಮೂರು ದಿನ ಬಿಟ್ಟು ಅರ್ಜಿ ಕೊಟ್ಟೆವು. ಹಾನಿ ಎಲ್ಲಿ, ಹೇಗಾಯಿತು ಎಂದು ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ, ಪರಿಹಾರವೂ ಸಿಗಲಿಲ್ಲ. ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093, ಕಡಲಿನಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡ್ 1554. ಎರಡನ್ನೂ ದೋಣಿಯ ಒಳಬದಿಗೆ ಬಣ್ಣದಲ್ಲಿ ಬರೆಸಿಬಿಡಿ.

ಇನ್ನು ತಡೆಗೋಡೆಯ ವಿಚಾರ. ಕಲ್ಲು ಬಿದ್ದ ಮೇಲೆ ಪ್ರತಿಭಟಿಸಿ ತೆರಪು ಪಡೆಯುವುದು ಬಹಳ ಕಷ್ಟ, ಅಂದಾಜುಪಟ್ಟಿ ತಯಾರಾಗುವಾಗ ಕೇಳಿದರೆ ಸುಲಭ. ನಿಮ್ಮ ಊರಿಗೆ ಗೋಡೆ ಮಂಜೂರಾಗಲಿದೆ ಎಂಬ ಸುದ್ದಿ ಬಂದ ಕೂಡಲೇ ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿ. ಎಷ್ಟು ದೋಣಿಗಳಿವೆ, ಅವುಗಳ ನೋಂದಣಿ ಸಂಖ್ಯೆ ಏನು, ಎಷ್ಟು ಮನೆಗಳು ಅವನ್ನು ನಂಬಿವೆ, ಎಷ್ಟು ಅಡಿ ಅಗಲದ ತೆರಪು ಬೇಕು ಎಂಬುದನ್ನು ಕೈಯಿಂದ ಬರೆದ ನಕ್ಷೆಯೊಂದಿಗೆ ಕೊಡಿ. ನನ್ನ ಅನುಭವದಲ್ಲಿ ಎರಡು ದೋಣಿ ಅಕ್ಕಪಕ್ಕ ಹೋಗುವಷ್ಟು ಅಗಲ ಮತ್ತು ಕಾಂಕ್ರೀಟಿನ ಇಳಿಜಾರು ಬೇಕೇ ಬೇಕು. ಬರೀ ಹೊಯ್ಗೆಯ ತೆರಪು ಮೊದಲ ಮಳೆಗಾಲದಲ್ಲೇ ಕೊರೆದು ಕೊರಕಲಾಗುತ್ತದೆ, ಆಮೇಲೆ ಮನೆಯವರೇ ಅದನ್ನು ಮುಚ್ಚಿ ಎನ್ನುತ್ತಾರೆ.

ಕರಾವಳಿ ನಿಯಂತ್ರಣ ವಲಯದ ನಿಯಮ ಎಂದರೆ ಏನನ್ನೂ ಮಾಡುವಂತಿಲ್ಲ ಎಂದು ಹಲವರು ತಿಳಿದಿದ್ದಾರೆ. 2019ರ ಅಧಿಸೂಚನೆ ಮೀನು ಒಣಗಿಸುವ ಅಂಗಳ, ಬಲೆ ಸರಿಪಡಿಸುವ ಜಾಗ, ಸಾಂಪ್ರದಾಯಿಕ ದೋಣಿ ಕಟ್ಟುವ ಜಾಗದಂಥ ಮೀನುಗಾರರ ಸೌಕರ್ಯಗಳಿಗೆ ಅವಕಾಶ ಕೊಡುತ್ತದೆ. ಮೀನುಗಾರಿಕೆಯ ಊರುಗಳನ್ನೂ ಅವರ ಸಮುದಾಯದ ಜಾಗಗಳನ್ನೂ ಕರಾವಳಿ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಗುರುತಿಸಬೇಕು ಎನ್ನುತ್ತದೆ. ನಕ್ಷೆಯಲ್ಲಿ ನಿಮ್ಮ ದೋಣಿ ನಿಲ್ಲಿಸುವ ಹೊಯ್ಗೆ ಇದೆಯೇ ಎಂದು ಜಿಲ್ಲಾಡಳಿತದಲ್ಲಿ ವಿಚಾರಿಸಿ. ತಲೆಮಾರುಗಳಿಂದ ದೋಣಿ ನಿಂತ ಜಾಗ ಕಾಗದದಲ್ಲಿ ಬರೀ "ಖಾಲಿ ಕಡಲತೀರ" ಎಂದಿದ್ದರೆ ನಾಳೆ ಅಲ್ಲಿ ರೆಸಾರ್ಟಿನ ಬೇಲಿ ಬಂದಾಗ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ನಕ್ಷೆ ಪರಿಷ್ಕರಣೆಗೆ ಸಾರ್ವಜನಿಕರ ಅಹವಾಲು ಕರೆದಾಗ ಹೋಗಿ. ಐದು ಜನ ಹೋಗುವ ಬದಲು ಐವತ್ತು ಜನ ಹೋಗಿ, ಹೆಂಗಸರೂ ಬರಲಿ. ದಡದಲ್ಲಿ ಮೀನು ಎಣಿಸಿಕೊಳ್ಳುವವರು, ಒಣಗಿಸುವವರು, ಮಾರುವವರು ಅವರೇ. ಆ ಹೊಯ್ಗೆಯ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ನಮಗಿಂತ ಚೆನ್ನಾಗಿ ಹೇಳಬಲ್ಲವರೂ ಅವರೇ.